ಉದ್ದಣ್ಣನ ಸೌಟು

ಕಾಲೋನಿಯಲ್ಲಿ ಎಲ್ಲರೂ ಅವಳನ್ನು ಥಳಥಳಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅಲ್ಲಿ ಆ ಹೆಸರು ಹಿಡಿದು ಕೂಗಿದರೆ, ಪಾಪ ಯಾರೋ ಬಂದೇ ಇಲ್ಲವಲ್ಲ ಎಂದುಕೊಂಡು ಸುಮ್ಮನೆ ಕೂತಿರುತ್ತಿದ್ದಳು.

ಪಾತ್ರೆ ತಿಕ್ಕುವುದೆಂದರೆ ಅವಳಿಗೆ ಹುಚ್ಚು. ಬೂದಿ ಹಾಕಿ, ನಾರು ಹಿಡಿದು ಕೂತಳೆಂದರೆ ಪಾತ್ರೆಯ ತೂಕ ಅರ್ಧ ಇಳಿದ ಮೇಲೇ ಏಳುವುದು. ಅವಳು ತಿಕ್ಕಿ ಬೋರಲು ಹಾಕಿದ ತಪ್ಪಲೆಯ ಮೇಲೆ ಕೂರಲು ಬಂದ ಕಾಗೆ, ತನ್ನದೇ ಮುಖ ನೋಡಿ ಇನ್ಯಾವುದೋ ಕಾಗೆ ಮೊದಲೇ ಜಾಗ ಹಿಡಿದಿದೆ ಎಂದು ಜಗಳಕ್ಕೆ ನಿಂತು ಕೊಕ್ಕು ಮುರಿದುಕೊಂಡಿತಂತೆ. ನೋಡಿದವರು ಯಾರೂ ಇಲ್ಲ, ಆದರೆ ನಂಬದವರೂ ಯಾರೂ ಇರಲಿಲ್ಲ.

ಆ ಪಾತ್ರೆಗಳೆಲ್ಲ ಗೋಡೆಯಾಚೆಯ ಕಾರ್ಖಾನೆಯವು. ಕಾಲೋನಿಯಲ್ಲಿ ಅಲ್ಯೂಮಿನಿಯಂ ಅಲ್ಲದ ವಸ್ತುವೆಂದರೆ ಮನುಷ್ಯರು ಮಾತ್ರ. ಬಟ್ಟಲು, ಬೋಗುಣಿ, ಬಕೆಟ್ಟು, ಮಕ್ಕಳ ಗಿಲಕಿ, ಮುದುಕರ ಊರುಗೋಲು, ಎಲ್ಲ ಅದೇ. ಬೆಳ್ಳಿಯ ಬಡತಂಗಿ ಅದು. ಎತ್ತಿದರೆ ಹಗುರ, ಬಿದ್ದರೆ ಗಲಾಟೆ ಜಾಸ್ತಿ. ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಯಂತ್ರಗಳನ್ನು ಲಾರಿಗಳಲ್ಲಿ ಹೊತ್ತೊಯ್ದಿದ್ದರು. ಕುಲುಮೆ ಆರಿ, ಅದರ ಬಾಯಲ್ಲಿ ಬೆಕ್ಕು ಮರಿ ಹಾಕಿತ್ತು. ಈಗ ಅದೇ ಕಾರ್ಖಾನೆಯ ಹಳೇ ಕ್ಯಾಂಟೀನಿನಲ್ಲಿ ಮ್ಯೂಸಿಯಂ ಮಾಡುತ್ತಾರೆಂದು ಸುದ್ದಿಯಾಯಿತು.

ಸುದ್ದಿ ತಂದವಳು ಥಳಥಳಮ್ಮನ ಮೊಮ್ಮಗಳೇ. ಮಗಳ ಮಗಳು. ಓದು ಮುಗಿಸಿ ಆ ಮ್ಯೂಸಿಯಮ್ಮಿನ ಕೆಲಸಕ್ಕೆ ಸೇರಿದ್ದಳು. ಕೈಯಲ್ಲೊಂದು ಪುಸ್ತಕ, ಕಿವಿಯ ಹಿಂದೊಂದು ಪೆನ್ಸಿಲ್ಲು ಇಟ್ಟುಕೊಂಡು ಮನೆಮನೆ ಹೊಕ್ಕು ಅಟ್ಟ ಇಳಿಸುತ್ತಿದ್ದಳು.

"ಅಮ್ಮಮ್ಮ, ಹಳೇದು ಏನಿದೆ ಕೊಡು."

"ಹಳೇದಾ? ನಾನೇ ಇದೀನಲ್ಲೇ. ಗಾಜಿನ ಪೆಟ್ಟಿಗೇಲಿ ಕೂರಿಸ್ತೀಯಾ?"

"ನೀನು ಒಳಗೆ ಕೂತ್ಕೊಂಡು ಗಾಜನ್ನೂ ತಿಕ್ಕಿ ತಿಕ್ಕಿ ತೂತು ಮಾಡ್ತೀಯ. ಪಾತ್ರೆ ಕೊಡು ಸಾಕು."

ಥಳಥಳಮ್ಮ ತನ್ನ ಮದುವೆ ಕಾಲದ ಡಬರಿಯೊಂದನ್ನು ತೆಗೆದು ಕೊಟ್ಟಳು. ಮೊಮ್ಮಗಳು ಅದನ್ನು ತಿರುಗಿಸಿ ನೋಡಿ ಮುಖ ಸಿಂಡರಿಸಿದಳು.

"ಇದೇನಿದು, ನಿನ್ನೆ ಅಂಗಡಿಯಿಂದ ತಂದ ಹಾಗಿದೆ. ಕಲೆ ಬೇಕು ಅಮ್ಮಮ್ಮ. ಮಸಿ, ನೆಗ್ಗು, ಗೀರು. ಅದೇ ಇತಿಹಾಸ."

"ಹಾಗಾದ್ರೆ ಹಿಂದಿನ ಬೀದಿಯವಳ ಮನೆಗೆ ಹೋಗು. ಅವಳ ಒಂದೊಂದು ಪಾತ್ರೇಲೂ ಸಾವಿರ ವರ್ಷದ ಇತಿಹಾಸ ಮೆತ್ಕೊಂಡಿದೆ."

ಹೀಗೆ ಎರಡು ತಿಂಗಳು ನಗುನಗುತ್ತಾ ಕಳೆಯಿತು. ಕ್ಯಾಂಟೀನು ತುಂಬತೊಡಗಿತು. ಮಣ್ಣಿನ ಅಚ್ಚುಗಳು ಬಂದವು. ಪಾಲಿಶ್ ಮಾಡುವವರು ಮೂಗಿಗೆ ಕಟ್ಟುತ್ತಿದ್ದ ಬಟ್ಟೆಗಳು ಬಂದವು. ಮೊಮ್ಮಗಳು ಸಂಭ್ರಮದಲ್ಲಿದ್ದಳು. ಆಮೇಲೆ ಒಂದು ದಿನ ಕಾರ್ಖಾನೆಯ ಹಳೇ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ ಅವಳಿಗೆ ಒಂದು ಉದ್ದನೆಯ ಮರದ ಪೆಟ್ಟಿಗೆ ಸಿಕ್ಕಿತು. ಒಳಗೊಂದು ಕಬ್ಬಿಣದ ಎರಕದ ಸೌಟು, ಕರಗಿದ ಲೋಹ ಮೊಗೆಯುವಂಥದ್ದು. ಆಳುದ್ದದ ಕೊಳವೆಯ ಹಿಡಿ, ತುದಿಯಲ್ಲಿ ಬಟ್ಟಲು. ಬಟ್ಟಲಿನ ಅಂಚು ಹೂವಿನ ಎಸಳಿನಂತೆ ಹೊರಕ್ಕೆ ಹರಿದುಹೋಗಿತ್ತು. ಹಿಡಿಗೆ ತಂತಿಯಿಂದ ಕಟ್ಟಿದ ತಗಡಿನ ಬಿಲ್ಲೆ, ಅದರ ಜೊತೆ ಮಡಿಸಿದ ಒಂದು ಕಾಗದ.

ಅದು ಉದ್ದಣ್ಣನ ಸೌಟು.

ಉದ್ದಣ್ಣ ಎಂದರೆ ಮೊಮ್ಮಗಳಿಗೆ ತಂದೆಯ ತಂದೆ. ಅವಳು ಹುಟ್ಟುವುದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ಕುಲುಮೆಯ ಮುಂದೆ ಸತ್ತವನು.

*

ಮರುದಿನ ಬೆಳಗ್ಗೆ ಬೀಗಿತ್ತಿ ಬಂದಳು. ಉದ್ದಣ್ಣನ ಹೆಂಡತಿ. ಬೀಗಿತ್ತಿಯಾಗುವುದಕ್ಕೂ ಎಷ್ಟೋ ಮೊದಲು ಇಬ್ಬರೂ ಒಂದೇ ಗೋಡೆ ಹಂಚಿಕೊಂಡ ನೆರೆಯವರು. ಒಬ್ಬಳು ಈ ಕಡೆ ಸೀನಿದರೆ ಇನ್ನೊಬ್ಬಳು ಆ ಕಡೆಯಿಂದ ಬೈಯುವಷ್ಟು ಸಲಿಗೆ. ಆದರೆ ಅವತ್ತು ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕೂತಳು.

"ಏನೇ, ಮುಖ ಹಾಲು ಒಡೆದ ಹಾಗೆ ಮಾಡ್ಕೊಂಡಿದೀಯ?" ಎಂದಳು ಥಳಥಳಮ್ಮ.

"ನಿನ್ನ ಮೊಮ್ಮಗಳು ಅವರ ಸೌಟು ಹುಡುಕಿದಾಳೆ."

ಥಳಥಳಮ್ಮನ ಕೈಯಲ್ಲಿದ್ದ ನಾರು ನಿಂತಿತು. "ನಿನ್ನ ಮೊಮ್ಮಗಳೂ ಹೌದಲ್ಲ," ಎಂದಳು.

"ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಕೆಳಗಡೆ ಬೋರ್ಡು ಬರೀತಾರಂತೆ. ಏನು ಬರೀತಾರೆ ಗೊತ್ತಾ? 'ಒದ್ದೆ ಸೌಟನ್ನು ಕಾಯಿಸದೆ ಅದ್ದಿದ ಕೆಲಸಗಾರನ ಅಜಾಗರೂಕತೆಯಿಂದ ಸ್ಫೋಟ.' ಆವತ್ತಿನ ವಿಚಾರಣೆ ಕಾಗದದಲ್ಲಿ ಹಾಗೇ ಇದೆಯಂತೆ. ಆ ಸೈರನ್ ಹೇಳ್ತಾನೆ, ಕಾಗದದಲ್ಲಿ ಇರೋದೇ ಇತಿಹಾಸ ಅಂತ."

ಸೈರನ್ ಎಂದರೆ ಕಾರ್ಖಾನೆಯ ಹಳೇ ಹಾಜರಿ ಗುಮಾಸ್ತ. ಪಾಳಿ ಬದಲಾಗುವಾಗ ಸೈರನ್ನಿನ ಗುಂಡಿ ಒತ್ತುವ ಕೆಲಸವೂ ಅವನದೇ ಆಗಿತ್ತು. ಅದರ ಪಕ್ಕ ಮೂವತ್ತು ವರ್ಷ ನಿಂತು ನಿಂತು ಅವನ ಗಂಟಲೂ ಹಾಗೇ ಆಗಿತ್ತು. ಗುಟ್ಟು ಹೇಳಿದರೆ ಮೂರು ಬೀದಿಗೆ ಕೇಳುತ್ತಿತ್ತು. ಈಗ ಮ್ಯೂಸಿಯಂ ಸಮಿತಿಗೆ ಅವನೇ ಯಜಮಾನ.

"ನಲವತ್ತು ವರ್ಷ ಆ ಮಾತು ಕಪಾಟಿನೊಳಗೆ ಇತ್ತು," ಎಂದಳು ಬೀಗಿತ್ತಿ. "ಇನ್ಮೇಲೆ ಗೋಡೆ ಮೇಲೆ ಇರತ್ತೆ. ಶಾಲೆ ಮಕ್ಕಳು ಬಂದು ಗಟ್ಟಿಯಾಗಿ ಓದ್ತಾರೆ. ಅವರು, ನೀನೇ ಹೇಳು, ಅವರು ಕಾಯಿಸದೆ ಅದ್ದೋ ಮನುಷ್ಯನಾ? ಮನೇಲಿ ಸಾರು ಬಡಿಸೋ ಸೌಟನ್ನೂ ಒಲೆ ಹತ್ರ ಹಿಡಿದು ಆಮೇಲೆ ಅದ್ದೋರು. ಅಷ್ಟು ಅಭ್ಯಾಸ. ನಾನು ಎಷ್ಟು ನಗ್ತಿದ್ದೆ."

"ನಂಗೊತ್ತು ಕಣೇ."

"ನಿಂಗೊತ್ತು. ನಂಗೊತ್ತು. ಸೈರನ್‌ಗೆ ಸಾಕ್ಷಿ ಬೇಕಂತೆ. ಆವತ್ತು ಕುಲುಮೆ ಮುಂದೆ ಇದ್ದ ಐದು ಜನರೂ ಒಬ್ಬೊಬ್ಬರಾಗಿ ಹೋದರು. ನಿನ್ನ ಗಂಡ ಒಬ್ಬ ಇದ್ದಿದ್ರೆ ಬಂದು ಹೇಳ್ತಿದ್ದ. ಆವತ್ತೇ ಯಾಕೆ ಹೇಳಲಿಲ್ಲವೋ, ಪಾಪ, ಗೆಳೆಯ ಸತ್ತ ದುಃಖದಲ್ಲಿ ಬಾಯಿ ಬಂದಿರಲಿಕ್ಕಿಲ್ಲ."

ಥಳಥಳಮ್ಮ ಎದ್ದು ನೀರು ತರುತ್ತೇನೆಂದು ಅಡುಗೆಮನೆಗೆ ಹೋದಳು. ಬಿಂದಿಗೆ ತುಂಬಿ ಹರಿಯುವವರೆಗೂ ನಲ್ಲಿಯ ಕೆಳಗೆ ಹಿಡಿದು ನಿಂತೇ ಇದ್ದಳು.

*

ಅವಳಿಗೆ ಗೊತ್ತಿದ್ದದ್ದು ಇಷ್ಟು.

ಕುಲುಮೆಯ ಕೆಲಸದವರು ಕರಗಿದ ಅಲ್ಯೂಮಿನಿಯಮ್ಮಿಗೆ ಹಾಲು ಎನ್ನುತ್ತಿದ್ದರು. ನೋಡಲು ಹಾಲೇ. ಆದರೆ ಅದರ ಹೊಟ್ಟೆಗೆ ಒಂದು ಹನಿ ನೀರು ಇಳಿದರೆ ಸಾಕು, ಆ ಹನಿ ಆವಿಯಾಗಿ ಉಬ್ಬಿ, ಹಾಲನ್ನೆಲ್ಲ ಮೇಲಕ್ಕೆ ಎತ್ತಿ ಎಸೆಯುತ್ತದೆ. ಅದಕ್ಕೇ ಪ್ರತಿಯೊಬ್ಬನೂ ತನ್ನ ಸೌಟಿಗೆ ಬಿಳಿಮಣ್ಣಿನ ಲೇಪ ಬಳಿದು, ಕುಲುಮೆಯ ಬಾಯಿಗೆ ಹಿಡಿದು, ಬಟ್ಟಲು ಚುರುಚುರು ಎನ್ನುವುದು ನಿಂತ ಮೇಲೇ ಅದ್ದುವುದು. ಒಬ್ಬನ ಸೌಟನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಹೆಂಡತಿಯನ್ನಾದರೂ ನೆರೆಮನೆಗೆ ಕಳಿಸಿಯಾರು, ಸೌಟು ಕೊಡಲಾರರು ಎಂದು ಹೆಂಗಸರು ಆಡಿಕೊಂಡು ನಗುತ್ತಿದ್ದರು.

ಆ ವಾರ ಉದ್ದಣ್ಣನ ಸೌಟಿನ ಹಿಡಿ ಅಲ್ಲಾಡುತ್ತಿತ್ತು. ಬಟ್ಟಲಿಗೂ ಕೊಳವೆಗೂ ಸೇರಿಸಿದ ರಿವೆಟ್ಟು ಸಡಿಲ. ಉಗ್ರಾಣದಲ್ಲಿ ಕೇಳಿದರೆ ಹೊಸ ಸೌಟು ಬರಲು ತಿಂಗಳಾಗುತ್ತದೆ ಎಂದರು. ಥಳಥಳಮ್ಮನ ಗಂಡನದು ರಿವೆಟ್ಟಿನಲ್ಲಿ ಎತ್ತಿದ ಕೈ. ರಜೆಯ ದಿನ ಮನೆಯಲ್ಲಿ ಬಡಿದು ಕೊಡುತ್ತೇನೆಂದು ಸೌಟನ್ನು ಹೆಗಲ ಮೇಲಿಟ್ಟುಕೊಂಡು ಬಂದ. ಬಡಿದು ಕೂರಿಸಿದ. ಕೂರಿಸಿ ಹಿತ್ತಲ ಗೋಡೆಗೆ ಒರಗಿಸಿ ಎಲ್ಲಿಗೋ ಹೋದ.

ಅವಳು ನೋಡಿದಳು. ಆ ಸೌಟು ಮಸಿ ಹಿಡಿದು, ಮಣ್ಣು ಮೆತ್ತಿ, ಹೊಲಸಾಗಿತ್ತು. ಅವಳ ಹಿತ್ತಲಲ್ಲಿ, ಅವಳ ಕಣ್ಣೆದುರು, ಹಾಗೊಂದು ವಸ್ತು ನಿಂತಿರುವುದೆಂದರೇನು? ಇಪ್ಪತ್ನಾಲ್ಕು ವರ್ಷದ ಹೆಂಗಸು, ತೋಳಲ್ಲಿ ಆನೆಯ ಬಲ. ಬಕೆಟ್ಟಿನಲ್ಲಿ ಮುಳುಗಿಸಿ, ಬೂದಿ ಹಾಕಿ, ಇಡೀ ಮಧ್ಯಾಹ್ನ ತಿಕ್ಕಿದಳು. ಹಿಡಿಯ ಕೊಳವೆಯ ತುದಿ ತೆರೆದಿತ್ತು. ಒಳಗೂ ಕೊಳೆ ಇರಬಾರದೆಂದು ಅಲ್ಲಿಂದಲೂ ನೀರು ಹೊಯ್ದಳು. ಕುಲುಕಿದಳು, ಬೋರಲು ಹಾಕಿದಳು, ಒಂದಷ್ಟು ಸುರಿಯಿತು. ಎಲ್ಲ ಸುರಿಯಿತೆಂದುಕೊಂಡಳು. ಮತ್ತೆ ಧೂಳು ಹೋಗದಿರಲಿ ಎಂದು ಗಂಡನ ಹಳೇ ನೀಲಿ ಚೌಕಳಿ ಅಂಗಿಯ ತುಂಡೊಂದನ್ನು ಉಂಡೆ ಮಾಡಿ ಕೊಳವೆಯ ಬಾಯಿಗೆ ತುರುಕಿದಳು. ಅಚ್ಚುಕಟ್ಟು ಎಂದರೆ ಅವಳದೇ ಅಚ್ಚುಕಟ್ಟು.

ಮರುದಿನ ಬೆಳಗ್ಗೆ ಗಂಡ ಮೊದಲ ಪಾಳಿಗೆ ಬೇಗ ಹೋಗಿಯಾಗಿತ್ತು. ಉದ್ದಣ್ಣ ತಾನೇ ಬಂದು ಸೌಟು ತೆಗೆದುಕೊಂಡ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ನಿಂತು ಅದರ ಬಟ್ಟಲಿನಲ್ಲಿ ಮುಖ ನೋಡಿಕೊಂಡ.

"ಏನ್ ಅತ್ತಿಗೆ ಇದು! ಸೌಟು ಕೊಟ್ಟರೆ ಕನ್ನಡಿ ಮಾಡಿ ಕೊಡ್ತೀರಲ್ಲ. ಇನ್ನು ಕುಲುಮೇಲಿ ನಾನು ಕೆಲಸ ಮಾಡೋದಾ, ತಲೆ ಬಾಚ್ಕೊಳೋದಾ?"

"ಕೂದಲು ಇದ್ದರೆ ತಾನೆ ಬಾಚೋಕೆ!" ಎಂದಳು ಅವಳು.

ಅವನು ನಗುತ್ತಾ ಹೋದ. ಬಿಳಿಮಣ್ಣು ಬಳಿದ. ಕುಲುಮೆಯ ಬಾಯಿಗೆ ಹಿಡಿದು ಬಟ್ಟಲನ್ನು ಎಂದಿನಂತೆ ಕಾಯಿಸಿದ, ಒಂದು ಹನಿಯೂ ಇಲ್ಲದಂತೆ. ಆಮೇಲೆ ಅದ್ದಿದ. ತುಂಬಿದ ಬಟ್ಟಲನ್ನು ಎಳೆದುಕೊಳ್ಳಲು ಹಿಡಿಯನ್ನು ಮೇಲೆತ್ತಿದಾಗ, ಕೊಳವೆಯೊಳಗೆ ಎಲ್ಲೋ ಮಧ್ಯದಲ್ಲಿ ಕೂತಿದ್ದ ಅವಳ ನೀರು ಕೆಳಕ್ಕೆ ಇಳಿದು, ರಿವೆಟ್ಟಿನ ಸಂದಿಯಿಂದ ಹಾಲಿನ ಹೊಟ್ಟೆಗೆ ಹೋಯಿತು.

ಆ ಸದ್ದಿಗೆ ಕಾಲೋನಿಯ ಪಾತ್ರೆಗಳೆಲ್ಲ ಗೂಡಿನಿಂದ ಬಿದ್ದವು. ಉದ್ದಣ್ಣ ಅಲ್ಲೇ ಹೋದ, ಇನ್ನಿಬ್ಬರ ಕಣ್ಣು ಹೋಯಿತು. ಅದರ ಬಗ್ಗೆ ಮಾತ್ರ ಯಾರೂ ಉತ್ಪ್ರೇಕ್ಷೆ ಮಾಡಿ ಹೇಳಲಿಲ್ಲ. ಅಗತ್ಯವಿರಲಿಲ್ಲ.

ಸಂಜೆ ಮನೆಗೆ ಬಂದ ಗಂಡನ ಹುಬ್ಬು ಸುಟ್ಟಿತ್ತು. ಅವನು ಅವಳ ಮುಖ ನೋಡಲಿಲ್ಲ. ಗೋಡೆಗೆ ಹೇಳುವವನ ಹಾಗೆ ಹೇಳಿದ. "ಹಿಡಿ ತುದೀಲಿ ನನ್ನ ಅಂಗಿ ಬಟ್ಟೆ ಇತ್ತು. ಕಿತ್ತು ಕುಲುಮೆಗೆ ಹಾಕಿದೆ. ಇನ್ನು ಮೇಲೆ ಕುಲುಮೆ ಸಾಮಾನು ಮುಟ್ಟಬೇಡ."

ಅಷ್ಟೇ. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ. ಒಮ್ಮೆಯೂ ಆ ಮಾತು ಎತ್ತಲಿಲ್ಲ. ವಿಚಾರಣೆಯಲ್ಲಿ ನಾನೇನೂ ನೋಡಲಿಲ್ಲ ಎಂದ. ಒಬ್ಬ ಸತ್ತಿದ್ದಾನೆ, ಇರುವವಳನ್ನು ಉಳಿಸಿಕೊಳ್ಳೋಣ ಎಂದುಕೊಂಡಿರಬೇಕು. ಉಳಿಸಿಕೊಂಡ. ಆದರೆ ಅಂದಿನಿಂದ ಅವಳು ತಿಕ್ಕಿದ ಲೋಟದಲ್ಲಿ ನೀರು ಕುಡಿಯುವಾಗ ಒಂದು ಗಳಿಗೆ ಒಳಗೆ ಇಣುಕಿ ನೋಡಿಯೇ ಬಾಯಿಗೆ ಇಡುತ್ತಿದ್ದ.

ಅವಳು ತಿಕ್ಕುವುದನ್ನೂ ಬಿಡಲಿಲ್ಲ. ಬಿಟ್ಟರೆ, ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿಯಾರೆಂಬ ಭಯ. ಮಗಳು ದೊಡ್ಡವಳಾದಾಗ, ಬಂದ ಒಳ್ಳೊಳ್ಳೆಯ ಕಡೆಗಳನ್ನೆಲ್ಲ ಬೇಡವೆಂದು, ತಂದೆಯಿಲ್ಲದ ಉದ್ದಣ್ಣನ ಮಗನಿಗೇ ಕೊಟ್ಟಳು. ಎಂಥ ಗೆಳೆತನ ನೋಡಿ ಎಂದು ಕಾಲೋನಿಯೇ ಮೆಚ್ಚಿತು. ದಂಡ ಕಟ್ಟಿದ್ದೆಂದು ಅವಳೊಬ್ಬಳಿಗೆ ಗೊತ್ತಿತ್ತು. ಹುಡುಗಿ ಅಲ್ಲಿ ಸುಖವಾಗಿಯೇ ಇದ್ದಳು. ಅದು ದಂಡವೂ ಆಗಲಿಲ್ಲ.

*

ಬೋರ್ಡಿನ ಕೆಲಸ ಮುಗಿಯಲು ನಾಲ್ಕು ದಿನವಿತ್ತು. ಆ ನಾಲ್ಕು ದಿನದಲ್ಲಿ ಥಳಥಳಮ್ಮ ನಾಲ್ಕು ತುತ್ತು ಉಂಡಿರಬೇಕು. ಪಾತ್ರೆಗಳನ್ನು ಮಾತ್ರ ತಿಕ್ಕಿದ್ದೇ ತಿಕ್ಕಿದ್ದು. ಹೇಳಿದರೆ ಬೀಗಿತ್ತಿ ಹೋದಳು. ಹೇಳದಿದ್ದರೆ ಉದ್ದಣ್ಣ ಹೋದ, ಎರಡನೇ ಸಲ, ಈ ಸಲ ಗಾಜಿನೊಳಗೆ, ಎಂದೆಂದಿಗೂ.

ಐದನೇ ದಿನ ಮಧ್ಯಾಹ್ನ ಮೊಮ್ಮಗಳು ಇಬ್ಬರು ಅಜ್ಜಿಯರನ್ನೂ ಕರೆದುಕೊಂಡು ಹೋದಳು. ಹಳಬರ ಮಾತನ್ನು ಯಂತ್ರದಲ್ಲಿ ಹಿಡಿದಿಡುವ ಕೆಲಸ. ಕ್ಯಾಂಟೀನಿನಲ್ಲಿ ಸುಣ್ಣದ ವಾಸನೆ. ಮೊದಲು ಊಟದ ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ಗಾಜಿನ ಪೆಟ್ಟಿಗೆಗಳ ಸಾಲು. ಉದ್ದಣ್ಣನ ಸೌಟು ಇನ್ನೂ ಮೇಜಿನ ಮೇಲೇ ಇತ್ತು, ಬಿಳಿ ಬಟ್ಟೆಯ ಮೇಲೆ, ಆಸ್ಪತ್ರೆಯಲ್ಲಿ ಮಲಗಿಸಿದ ಹಾಗೆ. ಪಕ್ಕದಲ್ಲಿ ಅಚ್ಚಾದ ಬೋರ್ಡು ಗೋಡೆಗೆ ಒರಗಿ ನಿಂತಿತ್ತು. ಥಳಥಳಮ್ಮನಿಗೆ ಓದು ಬಾರದು. ಆದರೂ ಅದರ ಕಡೆ ಬೆನ್ನು ಹಾಕಿ ಕೂತಳು.

ಬೀಗಿತ್ತಿ ಸೌಟನ್ನು ನೋಡಿ ಬಟ್ಟಲಿನ ಹರಿದ ಅಂಚನ್ನು ಒಂದು ಬೆರಳಿನಿಂದ ಮುಟ್ಟಿದಳು. ನಲವತ್ತು ವರ್ಷದ ಮೇಲೆ ಮೊದಲ ಸಲ.

"ಕೂತ್ಕೊಳಿ ಅಮ್ಮಾ, ಕೂತ್ಕೊಳಿ!" ಎಂದ ಸೈರನ್. ಕಿಟಕಿಗಳು ಅದುರಿದವು. "ನಾನೇನು ಶತ್ರುನಾ? ವಿಚಾರಣೆ ಕಾಗದದಲ್ಲಿ ಸಾಹೇಬರ ಸಹಿ ಇದೆ. ನಾನು ಬದಲಾಯಿಸೋಕೆ ಆಗತ್ತಾ? ಉದ್ದಣ್ಣ ನನಗೂ ಬೇಕಾದವನೇ. ಆದ್ರೆ ಅಜಾಗರೂಕತೆ ಆಗಿದ್ದು ಆಗಿದೆ. ಮುಂದಿನೋರು ಕಲೀಲಿ."

"ಅವರು ಕಾಯಿಸಿದ್ರು," ಎಂದಳು ಬೀಗಿತ್ತಿ.

"ಕಾಯಿಸಿದ್ರೆ ಹಾರ್ತಿತ್ತಾ?"

"ಕಾಯಿಸಿದ್ರು."

"ನೋಡಿದೋರು ಯಾರು?"

ಮೊಮ್ಮಗಳು ಯಂತ್ರದ ಗುಂಡಿ ಒತ್ತಿ ಥಳಥಳಮ್ಮನ ಮುಂದಿಟ್ಟಳು, ವಾತಾವರಣ ತಿಳಿಯಾಗಲೆಂದು. "ಅಮ್ಮಮ್ಮ, ನೀನು ಶುರು ಮಾಡು. ಆ ಕಾಗೆ ಕಥೆ ಹೇಳು."

ಥಳಥಳಮ್ಮ ಬಾಯಿ ತೆರೆದಳು. ಕಾಗೆಯ ಕಥೆ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ.

"ಆ ಸೌಟು ತೊಳೆದಿದ್ದು ನಾನು."

"ಯಾವ ಸೌಟು?" ಎಂದಳು ಮೊಮ್ಮಗಳು ಇನ್ನೂ ನಗುತ್ತಾ.

"ಇದೇ. ಹಿಂದಿನ ದಿನ. ರಿವೆಟ್ಟು ಹಾಕೋಕೆ ನಮ್ಮನೆಯವರು ಮನೆಗೆ ತಂದಿದ್ರು. ಹೊಲಸಾಗಿದೆ ಅಂತ ನಾನು ತೊಳೆದೆ. ಕೊಳವೆ ಒಳಗೂ ನೀರು ಹೊಯ್ದೆ. ಬಾಯಿಗೆ ಬಟ್ಟೆ ತುರುಕಿದೆ. ಉದ್ದಣ್ಣ ಬಟ್ಟಲು ಕಾಯಿಸಿದಾನೆ. ಅವನು ಕಾಯಿಸದೆ ಇರ್ತಾನಾ? ನೀರು ಇದ್ದಿದ್ದು ಹಿಡೀಲಿ. ಅದು ಅವನಿಗೆ ಹೇಗೆ ಗೊತ್ತಾಗಬೇಕು?"

ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು.

"ಏನಮ್ಮಾ ಇದು!" ಎಂದ ಸೈರನ್. "ನೀವು ಹೇಳೋ ಕಥೆಗಳಿಗೆ ಒಂದು ಲೆಕ್ಕ ಇದೆಯಾ? ಹೋದ ವರ್ಷ ನೀವು ತಿಕ್ಕಿದ ತಟ್ಟೆ ಬೆಳಕಿಗೆ ವಿಮಾನ ದಾರಿ ತಪ್ಪಿತು ಅಂದ್ರಿ. ಈಗ ಬೀಗಿತ್ತಿ ಮೇಲಿನ ಪ್ರೀತಿಗೆ ಇದೊಂದು."

"ಒಂದು ತಂತಿ ತಗೊಂಡು ಕೊಳವೆ ಒಳಗೆ ಆಡಿಸಿ ನೋಡಪ್ಪ. ಆಮೇಲೆ ಹೇಳು ಕಥೆ ಅಂತ."

ಅವನು ನಗಲು ಹೋಗಿ ನಿಲ್ಲಿಸಿದ. ಮೊಮ್ಮಗಳೇ ಎದ್ದು ಬಿಲ್ಲೆ ಕಟ್ಟಿದ್ದ ತಂತಿಯನ್ನು ಬಿಚ್ಚಿ, ನೆಟ್ಟಗೆ ಮಾಡಿ, ಹಿಡಿಯ ತುದಿಯಿಂದ ಒಳಗೆ ತೂರಿಸಿದಳು. ಬಿಳಿ ಬಟ್ಟೆಯ ಮೇಲೆ ಕೆಂಪಗೆ ತುಕ್ಕು ಉದುರಿತು, ಒಂದು ಮುಷ್ಟಿಯಷ್ಟು. ಇನ್ನೊಮ್ಮೆ ಕೆದಕಿದಾಗ, ಬಾಯಿಯ ಹತ್ತಿರದ ಜೋಡಣೆಯಲ್ಲಿ ಸಿಕ್ಕಿಕೊಂಡಿದ್ದ ಏನೋ ಕಿತ್ತು ಬಂತು. ಕಲ್ಲಿನ ಹಾಗೆ ಗಟ್ಟಿಯಾದ, ಉಗುರಿನಷ್ಟು ಬಟ್ಟೆ. ಬಣ್ಣ ಹೇಳುವಂತಿರಲಿಲ್ಲ. ನೇಯ್ಗೆ ಮಾತ್ರ ಕಾಣುತ್ತಿತ್ತು. ಕಿತ್ತು ಹಾಕುವಾಗ ಗಂಡನ ಕೈಗೆ ಸಿಗದೆ ಉಳಿದ ತುಣುಕು.

ಸೈರನ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. ಅವನ ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಧ್ವನಿ ಮೇಜು ದಾಟಿ ಹೋಗಲಿಲ್ಲ. "ಬಟ್ಟಲಿನ ಕಡೆ ಕಾದರೂ ಹಿಡಿ ಕಡೆ ಕಾಯಲ್ಲ," ಎಂದ. "ಹಿಡಿ ಕಾದರೆ ಹಿಡಿಯೋದು ಹೇಗೆ. ಹೌದು. ಹಾಗೆ ಆಗಬಹುದು."

ಬೀಗಿತ್ತಿ ಆ ಉಗುರಿನಷ್ಟು ಬಟ್ಟೆಯನ್ನೇ ನೋಡುತ್ತಿದ್ದಳು.

"ಯಾವ ಬಟ್ಟೆ?" ಎಂದು ಕೇಳಿದಳು.

"ನಮ್ಮನೆಯವರದು. ನೀಲಿ ಚೌಕಳಿ ಅಂಗಿ."

"ಆ ಅಂಗಿ ನಂಗೆ ನೆನಪಿದೆ. ಒಂದು ತೋಳು ಕತ್ತರಿಸಿತ್ತು. ಯಾಕೆ ಅಂತ ಕೇಳಿದ್ದೆ. ಇಲಿ ಕಡೀತು ಅಂದೆ ನೀನು. ಬೆಕ್ಕಿನಷ್ಟು ದಪ್ಪ ಇಲಿ ಅಂದೆ. ಗಂಡ ಸತ್ತು ಹದಿನೈದು ದಿನ ಆಗಿತ್ತು, ನನ್ನ ನಗಿಸಿದೆ."

ಥಳಥಳಮ್ಮ ಕೈ ಚಾಚಿದಳು. ಬೀಗಿತ್ತಿ ತನ್ನ ಕೈಯನ್ನು ಮಡಿಲೊಳಗೆ ಇಟ್ಟುಕೊಂಡಳು.

"ತೊಳೆದಿದ್ದಕ್ಕೆ ನಾನು ಏನೂ ಅನ್ನಲ್ಲ," ಎಂದಳು. "ಗೊತ್ತಿಲ್ಲದೆ ತೊಳೆದೆ. ನಾನಾಗಿದ್ರೂ ತೊಳೀತಿದ್ದೆನೋ ಏನೋ. ಆದ್ರೆ ನನ್ನ ಮಗ ಶಾಲೇಲಿ ಒದೆ ತಿಂದು ಬರ್ತಿದ್ದ. ನಿಮ್ಮಪ್ಪ ಮೈಮರೆತು ಸತ್ತ, ಇನ್ನಿಬ್ಬರನ್ನ ಕುರುಡು ಮಾಡಿದ ಅಂತ ಹುಡುಗರು ಅಂತಿದ್ರು. ಅವನ ಗಾಯಕ್ಕೆ ಔಷಧಿ ಹಚ್ಚಿದ್ದು ಯಾರು? ನೀನು. ಹಚ್ಚುತ್ತಾ ಸುಮ್ಮನಿದ್ದೆಯಲ್ಲ."

ಮೊಮ್ಮಗಳು ಯಂತ್ರ ನಿಲ್ಲಿಸಿದಳು. ಬೀಗಿತ್ತಿ ಎದ್ದು, ಯಾರ ಆಸರೆಯನ್ನೂ ಹಿಡಿಯದೆ, ಗಾಜಿನ ಪೆಟ್ಟಿಗೆಗಳ ಮಧ್ಯೆ ನಡೆದು ಹೋದಳು.

*

ಬೋರ್ಡು ಬದಲಾಯಿತು. ಸೈರನ್ ತಾನೇ ಸಮಿತಿಯಲ್ಲಿ ಜಗಳವಾಡಿ ಬದಲಾಯಿಸಿದ. ಅವನ ಜೊತೆ ಜಗಳಕ್ಕೆ ನಿಲ್ಲುವ ಕಿವಿ ಯಾರಿಗಿದೆ? ಮೊಮ್ಮಗಳು ಹೊಸ ಮಾತುಗಳನ್ನು ಬರೆದು, ಅಚ್ಚಿಗೆ ಕೊಡುವ ಮೊದಲು ಥಳಥಳಮ್ಮನ ಮನೆಗೆ ಬಂದು ಓದಿದಳು.

"'ಈ ಸೌಟಿನ ಒಡೆಯ ಅದನ್ನು ನಿಯಮದಂತೆ ಕಾಯಿಸಿದ್ದರು. ಹಿಡಿಯ ಕೊಳವೆಯಲ್ಲಿ ಉಳಿದಿದ್ದ ನೀರಿನಿಂದ ಸ್ಫೋಟವಾಯಿತು. ತಪ್ಪು ಅವರದಲ್ಲ.' ಸರಿಯಾ?"

"ತೊಳೆದೋಳು ಎಲ್ಲಿ?"

ಮೊಮ್ಮಗಳು ಕಾಗದ ಮಡಿಸಿದಳು.

"ನಾನು ಬರೆದಿದ್ದೆ ಅಮ್ಮಮ್ಮ. ಅಜ್ಜಿ ಬೇಡ ಅಂದ್ರು."

"ನನ್ನ ಮರ್ಯಾದೆ ಉಳಿಸೋಕಾ?" ಥಳಥಳಮ್ಮನ ಮುಖದಲ್ಲಿ ಆ ವಾರ ಮೊದಲ ಬಾರಿಗೆ ಜೀವ ಬಂತು. "ಅವಳು ಹಾಗೆ ಅಂದ್ಲಾ?"

"ಇಲ್ಲ." ಹುಡುಗಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "'ಅವರ ಪಕ್ಕದಲ್ಲಿ ಅವಳ ಹೆಸರು ಬೇಡ. ಇಷ್ಟು ವರ್ಷ ನಮ್ಮನೇಲಿ ಓಡಾಡ್ಕೊಂಡಿದ್ದಳು, ಸಾಕು. ಆ ಪೆಟ್ಟಿಗೇಲಿ ಅವರು ಒಬ್ಬರೇ ಇರಲಿ' ಅಂದ್ರು. ಆ ರೆಕಾರ್ಡನ್ನೂ ಯಾರಿಗೂ ಕೇಳಿಸಬಾರದಂತೆ. ಹಾಗಿದ್ರೆ ಮಾತ್ರ ತಾತನ ಫೋಟೋ ಕೊಡ್ತಾರಂತೆ."

"ನೀನು ಏನಂದೆ?"

"ಹೂಂ ಅಂದೆ."

"ಸರಿಯಾಗಿ ಅಂದೆ," ಎಂದಳು ಥಳಥಳಮ್ಮ. "ನಿಮ್ಮಪ್ಪ?"

"ಅಪ್ಪ ಏನೂ ಮಾತಾಡ್ತಿಲ್ಲ. ಅಮ್ಮ ಅಳ್ತಾಳೆ. ನಾಳೆ ನಾಡಿದ್ದರಲ್ಲಿ ಬರ್ತಾಳೆ."

ಮಗಳು ಬಂದಳು, ಹೋದಳು. ಬರುವಾಗ ಹಿಂದಿನ ಬೀದಿಯಿಂದ ಸುತ್ತಿ ಬಂದಳು, ಅತ್ತೆಯ ಕಣ್ಣಿಗೆ ಬೀಳದಂತೆ.

ಮ್ಯೂಸಿಯಂ ತೆರೆಯಿತು. ಜನ ಬಂದರು. ತಮ್ಮ ಹಳೇ ಬಕೆಟ್ಟಿಗೆ ಗಾಜಿನ ಮನೆ ಸಿಕ್ಕಿದ್ದು ನೋಡಿ ಹೆಂಗಸರು ಬಾಯಿಗೆ ಸೆರಗೋ ಕೈಯೋ ಅಡ್ಡ ಹಿಡಿದು ನಕ್ಕರು. ಥಳಥಳಮ್ಮ ಮೊದಲ ವಾರ ಹೋಗಲಿಲ್ಲ. ಎರಡನೇ ವಾರ ಒಂದು ಬೆಳಗ್ಗೆ, ಯಾರೂ ಇರಲಾರರೆಂದು ಲೆಕ್ಕ ಹಾಕಿ ಹೋದಳು. ಅವಳ ಲೆಕ್ಕ ಯಾವಾಗಲೂ ಹಾಗೇ. ಒಂದು ಇಡೀ ಶಾಲೆ ಅಲ್ಲಿತ್ತು.

ಮೊಮ್ಮಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೊಂದೇ ಪೆಟ್ಟಿಗೆ ತೋರಿಸುತ್ತಾ ಸೌಟಿನ ಮುಂದೆ ಬಂದಳು. ಗಾಜಿನೊಳಗೆ ಸೌಟಿನ ಮೇಲ್ಗಡೆ ಉದ್ದಣ್ಣನ ಫೋಟೋ. ಎಲ್ಲೋ ನಗು ತಡೆದು ನಿಂತವನ ಹಾಗೆ ತುಟಿ ಬಿಗಿದಿದ್ದ. ಮುಂದಿನ ಸಾಲಿನ ಒಬ್ಬಳು ಹುಡುಗಿ ಬೋರ್ಡನ್ನು ಗಟ್ಟಿಯಾಗಿ ಓದಿದಳು. 'ತಪ್ಪು ಅವರದಲ್ಲ' ಎನ್ನುವಲ್ಲಿ ಅವಳ ಧ್ವನಿ ಕ್ಯಾಂಟೀನಿನ ಸೂರಿಗೆ ತಾಗಿತು.

"ಹಾಗಾದ್ರೆ ಹಿಡಿಯೊಳಗೆ ನೀರು ಹಾಕಿದ್ದು ಯಾರು?" ಎಂದು ಟೀಚರಮ್ಮ ಕೇಳಿದಳು.

ಮೊಮ್ಮಗಳ ಕಣ್ಣು ಮಕ್ಕಳ ತಲೆಗಳ ಮೇಲಿಂದ ಹಾದು, ಬಾಗಿಲ ಹತ್ತಿರ ನಿಂತಿದ್ದ ಥಳಥಳಮ್ಮನನ್ನು ಕಂಡಿತು. ಕಂಡು, ಕೆಳಗೆ ಬಿತ್ತು.

"ದಾಖಲೆ ಇಲ್ಲ," ಎಂದಳು.

'ನಾನು' ಎನ್ನಲು ಥಳಥಳಮ್ಮ ಬಾಯಿ ತೆರೆದಳು. ಇಡೀ ಜನ್ಮದಲ್ಲಿ ಅವಳು ಮಾತು ನುಂಗಿದ್ದು ಒಂದೇ ಸಲ, ನಲವತ್ತು ವರ್ಷ. ಇದು ಎರಡನೆಯದು. ನುಂಗಿದಳು.

ಮಕ್ಕಳು ಮುಂದಿನ ಪೆಟ್ಟಿಗೆಗೆ ಹೋದ ಮೇಲೆ ಸೌಟಿನ ಎದುರಿಗಿದ್ದ ಬೆಂಚು ಕಾಣಿಸಿತು. ಅದರ ಒಂದು ತುದಿಯಲ್ಲಿ ಬೀಗಿತ್ತಿ ಕೂತಿದ್ದಳು. ತೆರೆದ ದಿನದಿಂದ ದಿನಾ ಬೆಳಗ್ಗೆ ಬಂದು ಕೂರುತ್ತಾಳೆ ಎಂದು ಸೈರನ್ ಹೇಳಿದ್ದು ಥಳಥಳಮ್ಮನ ಮನೆಯವರೆಗೂ ಕೇಳಿಸಿತ್ತು. ಯಾರಾದರೂ ಬೋರ್ಡು ಓದಿದರೆ ಅವಳು ತುಟಿ ಅಲ್ಲಾಡಿಸುತ್ತಾ ಜೊತೆಗೆ ಹೇಳಿಕೊಳ್ಳುತ್ತಾಳಂತೆ.

ಥಳಥಳಮ್ಮ ಹತ್ತಿರ ಹೋದಳು. ಬೆಂಚು ಇಬ್ಬರಿಗೆ ಆರಾಮವಾಗಿ ಸಾಲುವಷ್ಟಿತ್ತು. ಬೀಗಿತ್ತಿ ತಲೆ ಎತ್ತಲಿಲ್ಲ. ನೆಲದ ಮೇಲಿದ್ದ ತನ್ನ ಚೀಲವನ್ನು ಎತ್ತಿ, ಖಾಲಿಯಿದ್ದ ಜಾಗದಲ್ಲಿ ಇಟ್ಟು, ಅದರ ಹಿಡಿಯನ್ನು ಹಿಡಿದುಕೊಂಡು ಕೂತಳು.

ಥಳಥಳಮ್ಮ ನಿಂತೇ ಸ್ವಲ್ಪ ಹೊತ್ತು ಉದ್ದಣ್ಣನನ್ನು ನೋಡಿದಳು. ಆಮೇಲೆ ಕೂರಲು ಸುತ್ತ ನೋಡಿದಳು. ಇನ್ನೊಂದು ಬೆಂಚು ಇರಲಿಲ್ಲ, ಮನೆಗೆ ಹೋದಳು.